ತಪ್ಪು ಕಾಯಿನೀರಿನದಲ್ಲ

ಅಕ್ಕೋರ ಎಡಗಿವಿಯ ಮೇಲೆ ಯಾವಾಗಲೂ ಒಂದು ಟೆಸ್ಟರ್ ಇರುತ್ತಿತ್ತು. ಕರೆಂಟ್ ಬರುತ್ತದೋ ಇಲ್ಲವೋ ನೋಡುವ, ಹಳದಿ ಹಿಡಿಕೆಯ, ತುದಿ ಸವೆದ ಸಣ್ಣ ಟೆಸ್ಟರ್. ಬಡಿಗೇರರು ಪೆನ್ಸಿಲ್ ಸಿಕ್ಕಿಸಿಕೊಂಡ ಹಾಗೆ ಅವರು ಅದನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ಇಳಕಲ್ ಸೀರೆಯ ಕೆಂಪು ಸೆರಗು ತಲೆಯ ಮೇಲೆ ಬಂದಾಗ ಆ ಹಳದಿ ಹಿಡಿಕೆ ಮಾತ್ರ ಹೊರಗೆ ಇಣುಕುತ್ತಿತ್ತು. ಯಾರಾದರೂ ನಕ್ಕರೆ, "ಈ ಕಿವಿ ಕೇಳೂ ಕೆಲಸ ಬಿಟ್ಟೈತಿ. ಗೂಟದ ಕೆಲಸನಾದ್ರೂ ಮಾಡ್ಲಿ" ಅನ್ನುತ್ತಿದ್ದರು.

ಆ ಕಡೆಯಿಂದ ಮಾತಾಡಿದರೆ ಅವರಿಗೆ ಮೊದಲನೆಯ ಮಾತು ಕೇಳಿಸುತ್ತಿರಲಿಲ್ಲ. ತಲೆ ತಿರುಗಿಸಿ, ಬಲಗಿವಿ ಕೊಟ್ಟು, "ಮೊದಲನೇದು ಹೋತು. ಇನ್ನೊಮ್ಮಿ ಹೇಳು" ಅನ್ನುವರು. ಇದಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು. ಅವರು ಹುಟ್ಟಿ ಬೆಳೆದದ್ದು ನೇಕಾರರ ಮನೆಯಲ್ಲಿ. ಒಳಗೆ ಕೈಮಗ್ಗದ ಕುಣಿ, ಎಡಗಡೆ ಗೋಡೆಯ ಆಚೆ ಮತ್ತೊಬ್ಬರ ಪವರ್‌ಲೂಮ್ ಶೆಡ್ಡು. ಆ ಸದ್ದಿಗೆ ಎಡಗಿವಿ ಹೋಯಿತು ಎಂದು ಎಲ್ಲರೂ ಹೇಳುತ್ತಿದ್ದರು. ಅವರೂ ಹಾಗೇ ಹೇಳುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ.

ನೂಲಿನ ಅಂಗಡಿಯ ಮೇಲಿನ ಒಂದೇ ಖೋಲಿಯಲ್ಲಿ ಅವರು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದರು. ಸಂಜೆ ಅಲ್ಲೇ ನನ್ನಂಥ ವಯಸ್ಸಾದವರಿಗೆ ಪಾಠ ಹೇಳುತ್ತಿದ್ದರು. ನಾನು ಮೂವತ್ತೊಂದನೆಯ ವಯಸ್ಸಿಗೆ ಆ ಮೆಟ್ಟಿಲು ಹತ್ತಿದವನು. ಹಗಲು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲು ಕೊಯ್ದ ರಾಡಿ ಬಾಚುವುದು, ಸಂಜೆ ಕೈಕಾಲು ತೊಳೆದುಕೊಂಡು ಬೆಂಚಿನ ಮೇಲೆ ಕೂಡುವುದು. ಅವರು ನನ್ನನ್ನು ಒಂದು ದಿನವೂ ದಡ್ಡ ಅನ್ನಲಿಲ್ಲ. ತಮ್ಮಾ ಎಂದೇ ಕರೆದರು. ಕಾಗುಣಿತ ತಪ್ಪಿದರೆ ಕೆಂಪು ಗೆರೆ ಹೊಡೆಯುತ್ತಿರಲಿಲ್ಲ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸುಮ್ಮನಾಗುತ್ತಿದ್ದರು.

ಒಂದೇ ಒಂದು ಕಟ್ಟುನಿಟ್ಟು ಇತ್ತು. ದಿನಾ ನಾಲ್ಕು ಸಾಲು ಬರೆಯಬೇಕು. ಜ್ವರ ಬಂದರೂ ಬರೆಯಬೇಕು. ಏನು ಬರೆಯಲಿ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: "ಆದದ್ದು ಬರಿ. ಅನಿಸಿದ್ದು ಬ್ಯಾಡ."

ನಾನು ಹತ್ತನೆಯ ಇಯತ್ತೆ ಪಾಸಾದ ಮೇಲೆ ಫ್ಯಾಕ್ಟರಿಯ ಸಾಹುಕಾರರು ನನ್ನನ್ನು ರಾಡಿಯಿಂದ ಎತ್ತಿ ಮಷಿನ್ನಿನ ಮುಂದೆ ಕೂಡಿಸಿದರು. ಅದು ದೊಡ್ಡ ಕಲ್ಲನ್ನು ಹಲಗೆ ಹಲಗೆಯಾಗಿ ಕೊಯ್ಯುವ ಯಂತ್ರ. ಕಲ್ಲು ಹೊತ್ತ ಬಂಡಿ ಹಳಿಯ ಮೇಲೆ ಬಂದು ಒಂದು ಬಿಳಿ ಗೆರೆಯ ಹತ್ತಿರ ನಿಲ್ಲುತ್ತದೆ. ಗೆರೆಯ ಆಚೆ ನಿಂತ ಮನುಷ್ಯ ಬಗ್ಗಿ ಗಾಲಿಗೆ ಬೆಣೆ ಕೊಡುತ್ತಾನೆ. ಆಮೇಲೆ ಬ್ಲೇಡು ಇಳಿಯುತ್ತದೆ. ಬಂಡಿ ಎಲ್ಲಿದೆ ಎನ್ನುವುದನ್ನು ಗಾಲಿಗೆ ಹಚ್ಚಿದ ಸಣ್ಣ ಸೆನ್ಸರ್ ವೈರಿನಲ್ಲಿ ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರ್ ಬಂಡಿಯನ್ನು ನಿಲ್ಲಿಸುತ್ತದೆ. ನನ್ನ ಕೆಲಸ ಪರದೆ ಓದುವುದು, ಗುಂಡಿ ಒತ್ತುವುದು. ಬೆಣೆ ಕೊಡುತ್ತಿದ್ದವರು ಗುಡೂರಿನ ಕಾಕಾ. ಅವರು ನನ್ನನ್ನು ಹೆಸರಿಟ್ಟು ಕರೆದವರೇ ಅಲ್ಲ. "ಏ ಎಸ್ಸೆಸ್ಸೆಲ್ಸಿ, ಇಂದೇನು ಅಂತಾಳ ನಿಮ್ಮವ್ವ ಟಿವಿ?" ಎಂದು ಪರದೆಯ ಕಡೆ ಗದ್ದ ಎತ್ತುವರು.

ಪ್ರತಿ ಅಮಾವಾಸ್ಯೆಗೆ ಫ್ಯಾಕ್ಟರಿ ಬಂದ್. ಮಷಿನ್ ತೊಳೆದು, ವಿಭೂತಿ ಹಚ್ಚಿ, ಲಿಂಬೆಹಣ್ಣು ಇಟ್ಟು, ಕಾಯಿ ಒಡೆಯುತ್ತಿದ್ದೆವು. ಪರದೆಯ ಡಬ್ಬಿಗೆ ಕಾಯಿ ಒಡೆಯುವ ಪಾಳಿ ನನ್ನದು. ಆ ಅಮಾವಾಸ್ಯೆಗೂ ಒಡೆದೆ, ನೀರನ್ನು ಬೊಗಸೆಯಲ್ಲಿ ತೆಗೆದು ಡಬ್ಬಿಗೆ ಚಿಮುಕಿಸಿದೆ.

ಮರುದಿನ ಊಟ ಮುಗಿಸಿ ಬಂದು ಮಷಿನ್ ಹಚ್ಚಿದಾಗ ಬಂಡಿ ಗೆರೆಯ ಮೇಲೆ ನಿಲ್ಲಲಿಲ್ಲ. ಒಂದು ಗೇಣು ಮುಂದೆ ಹೋಗಿ ನಿಂತಿತು. ಅಲ್ಲಿದ್ದ ಕಬ್ಬಿಣದ ಬಕೆಟ್ಟು ರೊಟ್ಟಿಯಂತಾಯಿತು. ಸಂಜೆಯವರೆಗೆ ಮತ್ತೇನೂ ಆಗಲಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಊಟದ ನಂತರವೇ, ಕಾಕಾ ಕುಳಿತೆದ್ದ ಕಟ್ಟಿಗೆಯ ಸ್ಟೂಲು ಪುಡಿಯಾಯಿತು. ಅವರು ಎಲೆಯಡಿಕೆ ಉಗುಳಲು ಆಗಷ್ಟೇ ಎದ್ದಿದ್ದರು. ಆ ದಿನದಿಂದ ಜನ ಅದಕ್ಕೆ "ಅದು" ಅನ್ನತೊಡಗಿದರು. ಹೆಸರು ಹೇಳಿದರೆ ಬರುತ್ತದೆ ಎನ್ನುವ ಹಾಗೆ. "ಊಟದ ಹೊತ್ತಿಗೆ ಬರ್ತೈತಿ ಅದು" ಎಂದು ಕಾಕಾ ಹೇಳಿದರು. ಮೂರನೆಯ ಸಲ ಅವರ ಎಡಗಾಲಿನ ಚಪ್ಪಲಿ ಗಾಲಿಯ ಅಡಿ ಹೋಯಿತು. ಕಾಲು ಹೊರಗೆ ಬಂತು.

ಸಾಹುಕಾರರ ಮುಂದೆ ಎಲ್ಲರೂ ಒಂದೇ ಮಾತು ಹೇಳಿದರು. ಅಮಾವಾಸ್ಯೆಯ ತನಕ ಸರಿ ಇತ್ತು, ಅಮಾವಾಸ್ಯೆಯ ಮೇಲೆ ಕೆಟ್ಟಿತು, ಡಬ್ಬಿಯೊಳಗೆ ಕಾಯಿನೀರು ಹೋಗಿದೆ. ನೀರು ಹಾಕಿದವನು ನಾನು. ನನಗೂ ಹಾಗೇ ಅನಿಸಿತು. ಕಾಕಾ ಮಾತ್ರ ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತಿದ್ದರು. ಬೆಣೆ ಕೊಡದೆ ಕಲ್ಲು ಕೊಯ್ಯಲು ಬರುವುದಿಲ್ಲ, ನಿಲ್ಲದಿದ್ದರೆ ಅವರಿಗೆ ಬೇರೆ ಕೆಲಸವಿಲ್ಲ.

ನಾನು ಅಕ್ಕೋರ ಹತ್ತಿರ ಹೋಗಿ ಎಲ್ಲ ಹೇಳಿದೆ, ಕಾಯಿನೀರಿನಿಂದ ಹೀಗಾಯಿತು ಎಂದೆ. ಅವರು ನೀರು ಹೋಗಿದ್ದರೆ ಅದು ಊಟದ ಹೊತ್ತು ನೋಡಿ ಕೆಡುತ್ತದೇನು ಎಂದು ಕೇಳಿದರು. ಆಮೇಲೆ ನನ್ನ ನಾಲ್ಕು ಸಾಲಿನ ವಹಿ ತರಲು ಹೇಳಿದರು.

ವಹಿಯಲ್ಲಿ ಸಿಕ್ಕಿತು. ಅಮಾವಾಸ್ಯೆಗೆ ಹದಿನೆಂಟು ದಿನ ಮೊದಲು ನಾನೇ ಬರೆದಿದ್ದೆ: "ಮಷಿನ್ ಕಂಪನಿಯವರು ಬಂದರು. ಪೆನ್‌ಡ್ರೈವಿನಿಂದ ಹೊಸದು ಹಾಕಿದರು. ಆರಿಸಿ ಹಚ್ಚಿದ ಮೇಲೆ ಬರುತ್ತದೆ ಎಂದರು. ಚಹಾ ಕುಡಿಯಲಿಲ್ಲ." ನನಗೆ ಅದು ಪೂರಾ ಮರೆತುಹೋಗಿತ್ತು, ಯಾಕೆಂದರೆ ಆ ದಿನ ಏನೂ ಬದಲಾಗಿರಲಿಲ್ಲ. ನಮ್ಮ ಡಬ್ಬಿಗೆ ಬ್ಯಾಟರಿ ಇತ್ತು, ಕರೆಂಟ್ ಹೋದರೂ ಅದು ಆರುತ್ತಿರಲಿಲ್ಲ. ಬ್ಯಾಟರಿಯ ವೈರನ್ನೂ ಬಿಚ್ಚಿ ಪೂರ್ತಿ ಆರಿಸುತ್ತಿದ್ದದ್ದು ತೊಳೆಯುವ ದಿನ ಮಾತ್ರ. ಹೊಸದು ಹದಿನೆಂಟು ದಿನ ಒಳಗೆ ಸುಮ್ಮನೆ ಕುಳಿತಿತ್ತು. ಅಮಾವಾಸ್ಯೆಗೆ ನಾವೇ ಆರಿಸಿ, ನಾವೇ ಹಚ್ಚಿ, ಅದನ್ನು ಎಬ್ಬಿಸಿದ್ದೆವು.

ಅಕ್ಕೋರು ಕಂಪನಿಗೆ ಫೋನು ಹಚ್ಚಿದರು. ನಮ್ಮದು ಏನೂ ಬದಲಾಗಿಲ್ಲ, ಒಳಗಿನ ಕರ್ನಲ್ ಮಾತ್ರ ಹೊಸದು ಎಂದರಂತೆ. ಕರ್ನಲ್ ಅಂದರೇನು ಎಂದು ಕೇಳಿದೆ. ಕಂಪ್ಯೂಟರಿನ ಎಲ್ಲ ಕೆಲಸಕ್ಕೂ ತಳದಲ್ಲಿ ಇರುವ ಮೂಲ ಬರಹ ಅದು ಎಂದರು. ಆಮೇಲೆ ನಕ್ಕು, "ಇಂಗ್ಲೀಷಿನಾಗ ಕರ್ನಲ್ ಅಂದ್ರ ಚಿಪ್ಪಿನೊಳಗಿನ ತಿರುಳು, ತಮ್ಮಾ. ನೀ ನೀರಿಗೆ ಅಂಜೀದಿ. ತಪ್ಪು ಕೊಬ್ರಿಯಾಗೈತಿ" ಅಂದರು.

ಆ ತಿರುಳಿನಲ್ಲಿ ಒಂದೊಂದು ಸಾಮಾನಿಗೆ ಒಂದೊಂದು ತುಂಡು ಬರಹ ಇರುತ್ತದಂತೆ, ಅದಕ್ಕೆ ಡ್ರೈವರ್ ಅನ್ನುತ್ತಾರೆ. ಅವರು ಅದನ್ನು ಸೀರೆಯಿಂದ ತಿಳಿಸಿದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಅವರ ತಾಯಿ ಕೊಂಡಿ ಹಾಕುವುದರಲ್ಲಿ ಹೆಸರಾದವರು. ವೈರು ಒಡಲು, ಕಂಪ್ಯೂಟರ್ ಸೆರಗು, ಡ್ರೈವರ್ ಕೊಂಡಿ. "ನಮ್ಮವ್ವ ಹೇಳತಿದ್ಲು, ಎಳಿ ಹರಿದ್ರ ಕಣ್ಣಿಗೆ ಕಾಣ್ತೈತಿ. ಕೊಂಡಿ ಸಡಲಾದ್ರ ಉಟ್ಟ ಮ್ಯಾಲ ಗೊತ್ತಾಗ್ತೈತಿ."

ಹಳೆಯ ಕರ್ನಲ್ಲಿಗೂ ಹೊಸದಕ್ಕೂ ನಡುವೆ ನಮ್ಮ ವೈರಿನ ಡ್ರೈವರಿನಲ್ಲಿ ಮೂವತ್ತೆರಡು ತಿದ್ದುಪಡಿ ಆಗಿದ್ದವು. ಯಾರು ಏನು ತಿದ್ದಿದರು, ಯಾಕೆ ತಿದ್ದಿದರು ಎನ್ನುವುದೆಲ್ಲ ಯಾರು ಬೇಕಾದರೂ ಓದುವ ಹಾಗೆ ಇಂಟರ್ನೆಟ್ಟಿನಲ್ಲಿ ಇರುತ್ತದೆ. ಅವರು ಒಂದರಿಂದ ಓದುತ್ತ ಹೋಗಲಿಲ್ಲ. ಅರ್ಧಕ್ಕೆ ಕೈ ಇಟ್ಟರು. ಹದಿನಾರನೆಯ ತಿದ್ದುಪಡಿಯ ತನಕ ಇರುವ ಕರ್ನಲ್ ತಯಾರಿಸಿ ಹಾಕುವುದು. ಅದರಲ್ಲಿ ತಪ್ಪು ಕಂಡರೆ ತಪ್ಪು ಮೊದಲ ಅರ್ಧದಲ್ಲಿದೆ, ಇಲ್ಲದಿದ್ದರೆ ಎರಡನೆಯ ಅರ್ಧದಲ್ಲಿ. ಮತ್ತೆ ಅದರಲ್ಲಿ ಅರ್ಧ. ಐದು ಪರೀಕ್ಷೆಗೆ ಒಂದೇ ಉಳಿಯುತ್ತದೆ ಎಂದರು. ಸಾಹುಕಾರರು ಮೂರು ದಿನ, ಊಟದ ಬಿಡುವು ಅಷ್ಟೇ ಕೊಟ್ಟರು. ಅಷ್ಟು ಸಾಕು ಎಂದರು ಅಕ್ಕೋರು. ಅದು ಬರುವುದು ಆ ಹೊತ್ತಿಗೇ.

ಬ್ಲೇಡು ಬಿಚ್ಚಿಟ್ಟು, ಖಾಲಿ ಬಂಡಿ ಇಟ್ಟುಕೊಂಡೆವು. ಗೆರೆ ದಾಟಿದ್ದು ಹೇಗೆ ಗೊತ್ತಾಗಬೇಕು ಎಂದಾಗ ಅಕ್ಕೋರು ಪೂಜೆಯ ತಟ್ಟೆಯಲ್ಲಿದ್ದ ಲಿಂಬೆಹಣ್ಣು ಎತ್ತಿ, ಗೆರೆಯಿಂದ ನಾಲ್ಕು ಬೆರಳು ಆಚೆ ಹಳಿಯ ಮೇಲೆ ಇಟ್ಟರು. ಸುತ್ತ ನಿಂತವರು ಹಿಂದೆ ಸರಿದರು. ಪೂಜೆಯ ಹಣ್ಣಿನಿಂದ ಪರೀಕ್ಷೆ ಮಾಡುವುದು ಅವರಿಗೆ ಸರಿ ಕಾಣಲಿಲ್ಲ. ಕಾಕಾ, "ಇಡ್ರಿ ಅಕ್ಕೋರ. ನನ್ನ ಕಾಲಿನಕಿಂತ ಅದು ಹೆಚ್ಚಿಂದೇನಲ್ಲ" ಎಂದರು.

ಊಟದ ಬಿಡುವಿನ ಹಾಗೇ ಹದಿನೈದು ನಿಮಿಷ ಯಂತ್ರವನ್ನು ಸುಮ್ಮನೆ ಬಿಟ್ಟು, ಆಮೇಲೆ ಬಂಡಿ ಓಡಿಸುವುದು. ಮೊದಲನೆಯದು, ಹದಿನಾರು: ಬಂಡಿ ಗೆರೆ ದಾಟಿತು, ಲಿಂಬೆಹಣ್ಣು ಪಚಕ್ಕಂತ ಒಡೆಯಿತು. ಆ ಸಪ್ಪಳ ಇವತ್ತಿಗೂ ನನ್ನ ಕಿವಿಯಲ್ಲಿದೆ. ಎರಡನೆಯದು, ಎಂಟು: ಬಂಡಿ ಗೆರೆಯ ಮೇಲೆ ನಿಂತಿತು, ಹಣ್ಣು ಉಳಿಯಿತು. ಜನರಿಗೆ ಜೀವ ಬಂತು. ಕಾಕಾ ಆ ಹಣ್ಣನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಮರುದಿನ ನನ್ನನ್ನು ಮೇನ್ ಸ್ವಿಚ್ಚಿನ ಹತ್ತಿರ ನಿಲ್ಲಿಸಿ ಅಕ್ಕೋರೇ ಪರದೆಯ ಮುಂದೆ ಕುಳಿತರು. ಹನ್ನೆರಡು, ಒಡೆಯಿತು. ಹತ್ತು, ಒಡೆಯಿತು. ಮೂರನೆಯ ದಿನ ಒಂಬತ್ತು, ಅದೂ ಒಡೆಯಿತು. ಎಂಟರಲ್ಲಿ ಸರಿ, ಒಂಬತ್ತರಲ್ಲಿ ತಪ್ಪು. ಹಾಗಾದರೆ ತಪ್ಪು ಒಂಬತ್ತನೆಯದು.

ಅಕ್ಕೋರು ಒಂಬತ್ತನೆಯ ತಿದ್ದುಪಡಿ ತೆಗೆದು ಓದಿದರು. ಎರಡು ಸಲ ಓದಿದರು. ಯಾರೋ ಟಿಪ್ಪಣಿಯಲ್ಲಿ ಒಂದು ಶಬ್ದದ ಸ್ಪೆಲ್ಲಿಂಗ್ ತಿದ್ದಿದ್ದರು, ಅಷ್ಟೇ.

ಸಾಹುಕಾರರು ಕೈ ಕಟ್ಟಿ ನಿಂತು ಕೇಳಿದರು: "ಅಕ್ಷರ ತಿದ್ದಿದ್ರ ಬಂಡಿ ಮುಂದ ಹೊಕ್ಕೈತೇನ್ರಿ ಅಕ್ಕೋರ? ಹಂಗಿದ್ರ ನಿಮ್ಮ ಸಾಲ್ಯಾಗ ದಿನಾ ಬಂಡಿ ಓಡಬೇಕಿತ್ತು." ಎಲ್ಲರೂ ನಕ್ಕರು. ಅಕ್ಕೋರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ನಾಳೆಯಿಂದ ಮಷಿನ್ ಹಚ್ಚುವುದು, ನನ್ನನ್ನು ಮತ್ತೆ ರಾಡಿಗೆ ಕಳಿಸುವುದು ಎಂದು ತೀರ್ಮಾನವಾಯಿತು. ಕಾಕಾ ನಾಳೆ ಬೆಳಿಗ್ಗೆ ಗೆರೆಯ ಆಚೆ ನಿಲ್ಲಬೇಕು.

ನನಗೆ ಒಂದು ವಿಷಯ ಗೊತ್ತಿತ್ತು. ಮೂರು ದಿನದಿಂದ ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ಸಂಜೆ ಅವರ ಖೋಲಿಗೆ ಹೋದೆ. ಅವರು ಕಿಟಕಿಯ ಹತ್ತಿರ ಬಗ್ಗಿ ವೈರು ಬೆಸೆಯುತ್ತಿದ್ದರು. ನಾನು ಎಡಗಡೆ ನಿಂತು ಒಂದೇ ಉಸಿರಿಗೆ ಎಲ್ಲ ಒಪ್ಪಿಕೊಂಡೆ. ಅವರು ತಲೆ ತಿರುಗಿಸಿದರು.

"ಮೊದಲನೇದು ಹೋತು ತಮ್ಮಾ. ಇನ್ನೊಮ್ಮಿ ಹೇಳು."

ತಪ್ಪನ್ನು ಒಮ್ಮೆ ಒಪ್ಪಿಕೊಳ್ಳಬಹುದು. ಎರಡನೆಯ ಸಲ ಒಪ್ಪಿಕೊಳ್ಳುವಾಗ ನಾಲಿಗೆ ಕಲ್ಲಾಗುತ್ತದೆ. ಆದರೂ ಹೇಳಿದೆ. ಮೊದಲನೆಯ ಹಣ್ಣು ಒಡೆದಾಗ ನನಗೆ ಹೆದರಿಕೆಯಾಗಿತ್ತು. ಎರಡನೆಯ ಪರೀಕ್ಷೆಗೆ ಯಂತ್ರ ಸುಮ್ಮನಿರಬೇಕಾದ ಆ ಹದಿನೈದು ನಿಮಿಷ ನಾನು ಸುಮ್ಮನಿರಲಿಲ್ಲ. ಬಂಡಿ ಎಲ್ಲಿದೆ ಎಂದು ಕೇಳುವ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದೆ. ಜ್ವರ ಬಂದ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಾರಲ್ಲ, ಹಾಗೆ. ಕಾಯಿನೀರಿನ ಮೇಲೆ ಇದೂ ಗೊತ್ತಾದರೆ ನನ್ನನ್ನು ಹೊರಗೆ ಹಾಕುತ್ತಾರೆಂದು ಮುಚ್ಚಿಟ್ಟಿದ್ದೆ.

ಅಕ್ಕೋರು ಬೆಸೆಯುವ ಕಡ್ಡಿ ಕೆಳಗೆ ಇಟ್ಟರು. ಬೈಯುತ್ತಾರೆಂದು ಕಾದೆ.

"ನೀ ಅದನ್ನ ನಿದ್ದಿ ಮಾಡಾಕ ಬಿಟ್ಟಿಲ್ಲ" ಅಂದರು. ಆಮೇಲೆ ಎಡಗಿವಿಯ ಮೇಲಿನ ಟೆಸ್ಟರನ್ನು ಮುಟ್ಟಿ, "ಅದಕ್ಕೂ ನನಗಾದಂಗ ಆಗೈತಿ. ಮೊದಲನೇ ಮಾತು ಕೇಳವಲ್ದು" ಅಂದರು.

ಐದು ಹಣ್ಣಿನಲ್ಲಿ ಸುಳ್ಳು ಹೇಳಿದ್ದು ಉಳಿದ ಹಣ್ಣು. ಕಾಕಾ ಕಣ್ಣಿಗೊತ್ತಿಕೊಂಡದ್ದು ಅದನ್ನೇ. ತಪ್ಪು ಎಂಟರ ಒಳಗೇ ಇತ್ತು. ಆಗಲೇ ಅವರು ಆ ಎಂಟನ್ನೂ ಓದಿದರು, ಈ ಸಲ ಏನು ಹುಡುಕಬೇಕೆಂದು ಗೊತ್ತಿತ್ತು. ಐದನೆಯದರಲ್ಲಿ ಸಿಕ್ಕಿತು. ಎರಡು ಸೆಕೆಂಡು ವೈರಿನಲ್ಲಿ ಏನೂ ಬರದಿದ್ದರೆ ಆ ಸಾಮಾನನ್ನು ಮಲಗಿಸು, ವಿದ್ಯುತ್ ಉಳಿಯುತ್ತದೆ ಎಂದು ಯಾರೋ ಬರೆದಿದ್ದರು. ನಮ್ಮ ವೈರಿನ ಸಾಮಾನು ಮಲಗಿದ್ದು ಏಳುವಷ್ಟರಲ್ಲಿ ಸೆನ್ಸರಿನ ಮೊದಲ ಮಾತುಗಳು ಕಳೆದುಹೋಗುತ್ತಿದ್ದವು. ಬಂಡಿ ಒಂದು ಗೇಣು ಬಂದಿರುತ್ತಿತ್ತು, ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇನ್ನೂ ಹಿಂದೆಯೇ ಇರುತ್ತಿತ್ತು. ಕೆಲಸ ನಡೆದಿರುವಾಗ ಅದಕ್ಕೆ ಮಲಗಲು ಸಮಯ ಸಿಗುತ್ತಿರಲಿಲ್ಲ. ಬೆಳಿಗ್ಗೆ ಬಂಡಿ ಓಡಿಸುವ ಮುಂದೆ ಅದು ಎಲ್ಲಿದೆ ಎಂದು ಗುಂಡಿ ಒತ್ತಿ ಕೇಳುವುದು ನನ್ನ ರೂಢಿ, ಆಗಲೇ ಅದು ಎದ್ದಿರುತ್ತಿತ್ತು. ಊಟದ ಬಿಡುವಿನಲ್ಲಿಯೂ ನಾನು ಪರದೆಯ ಮುಂದೆ ರೊಟ್ಟಿ ತಿನ್ನುತ್ತ ಗುಂಡಿ ಒತ್ತಿದ ದಿನ ಅದು ಎಚ್ಚರ ಇರುತ್ತಿತ್ತು. ಎದ್ದು ಹೋದ ದಿನ ಮಲಗುತ್ತಿತ್ತು.

ಬರೆದವನಿಗೆ ನಾನು ಎರಡು ಮಾತು ಬೈದೆ. ಅವರು ತಡೆದರು. "ಕೆಟ್ಟ ಬುದ್ಧಿಲೇ ಬರದಿಲ್ಲ ಅಂವ. ಉಳಸೂದಕ್ಕ ಬರದಾನ. ಅವನ ಎದುರಿಗೆ ನಿಮ್ಮ ಕಾಕಾ ನಿಂತಿರ್ಲಿಲ್ಲ, ಅಷ್ಟ."

ಮರುದಿನ ಬೆಳಿಗ್ಗೆ ಕಾಕಾ ಬೆಣೆ ಕೈಗೆತ್ತಿಕೊಳ್ಳುವ ಮೊದಲೇ ಅಕ್ಕೋರು ಫ್ಯಾಕ್ಟರಿಯ ಗೇಟಿನಲ್ಲಿದ್ದರು. ಸಾಹುಕಾರರಿಗೆ ಹೇಳಿ ಅದೇ ಎಂಟನ್ನು ಮತ್ತೆ ಹಾಕಿಸಿದರು. ನನ್ನ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲಲು ಹೇಳಿದರು. ಹದಿನೈದು ನಿಮಿಷ. ಲಿಂಬೆಹಣ್ಣು ಒಡೆಯಿತು. ಐದನೆಯ ತಿದ್ದುಪಡಿ ತೆಗೆದು ಹಾಕಿದರು. ಹದಿನೈದು ನಿಮಿಷ. ಹಣ್ಣು ಉಳಿಯಿತು. ಮತ್ತೆ ಮಾಡಿದರು, ಮತ್ತೆ ಉಳಿಯಿತು. ಈ ಸಲ ಯಾರೂ ಕಣ್ಣಿಗೊತ್ತಿಕೊಳ್ಳಲಿಲ್ಲ. ನನ್ನ ತಪ್ಪನ್ನು ಅವರು ಯಾರಿಗೂ ಹೇಳಲಿಲ್ಲ. ನಾನೇ ಕಾಕಾನಿಗೆ ಹೇಳಿದೆ. ಅವರು ಜೇಬಿನಿಂದ ಒಣಗಿದ ಲಿಂಬೆಹಣ್ಣು ತೆಗೆದು ನೋಡಿ, "ಹಿಂಗಾದ್ರ ಇದನ್ನ ಉಪ್ಪಿನಕಾಯಿ ಹಾಕೋಣ ಬಿಡಲೇ" ಎಂದು ಅದನ್ನು ನನ್ನ ಕೈಯಲ್ಲಿಟ್ಟರು.

ಹೋಗುವ ಮುಂದೆ ಅಕ್ಕೋರು ಹಳಿಯ ತುದಿಗೆ ಒಂದು ಕಬ್ಬಿಣದ ತಡೆ, ಮುಟ್ಟಿದರೆ ಮೋಟರಿನ ಕರೆಂಟ್ ತಾನೇ ಕಡಿಯುವ ಒಂದು ಸ್ವಿಚ್ಚು ಹಾಕಿಸಿದರು. ಮನುಷ್ಯ ನಿಲ್ಲುವ ಕಡೆ ಬರೀ ಮಾತಿನ ಮೇಲೆ ನಂಬಿಕೆ ಇಡಬಾರದು ಎಂದರು. ಡ್ರೈವರ್ ಬರೆದವರಿಗೂ ಕಾಗದ ಬರೆದರು. ಎರಡು ವಾರಕ್ಕೆ ಉತ್ತರ ಬಂತು. ತಪ್ಪು ಒಪ್ಪಿಕೊಂಡಿದ್ದರು, ಒಂದೇ ಸಲಕ್ಕೆ.

ಅದೇ ಪೆನ್‌ಡ್ರೈವು ಬೇರೆ ಫ್ಯಾಕ್ಟರಿಗಳಿಗೂ ಹೋಗಿರಬೇಕಲ್ಲ ಎಂದು ಆಮೇಲೆ ಅವರಿಗೆ ನಿದ್ದೆ ಬರಲಿಲ್ಲ. ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಹುನಗುಂದದ ಕಡೆ, ಬಾಗಲಕೋಟೆಯ ಕಡೆ ತಿರುಗಿದರು. ಕೆಲವರು ಕೇಳಿದರು. ಒಂದು ಕಡೆ, ನಮ್ಮ ಮಷಿನ್ನಿಗೆ ದೃಷ್ಟಿ ತೆಗೆಸಿದ್ದೇವೆ, ನೀವು ಚಹಾ ಕುಡಿದು ಹೋಗಿರಿ ಎಂದರು. ಅಲ್ಲಿ ಬೆಣೆ ಕೊಡುತ್ತಿದ್ದವನು ನಮ್ಮನ್ನು ಗೇಟಿನ ತನಕ ಕಳಿಸಲು ಬಂದ. ಆರು ತಿಂಗಳಿಗೆ ಅವನ ಸುದ್ದಿ ಬಂತು. ಅದನ್ನು ನಾನು ಇಲ್ಲಿ ಬರೆಯಲಾರೆ.

ಆ ತಿರುಗಾಟದಲ್ಲೇ ಅಕ್ಕೋರು ಬಸ್ಸಿನಿಂದ ಇಳಿಯುವಾಗ ಕಂಬ ಹಿಡಿದುಕೊಳ್ಳತೊಡಗಿದ್ದರು. ಬಿಸಿಲಿಗೆ ತಲೆ ತಿರುಗುತ್ತದೆ ಅನ್ನುತ್ತಿದ್ದರು. ಮುಂದಿನ ವರ್ಷ ನಡೆಯುವಾಗ ಗೋಡೆ ಬೇಕಾಯಿತು. ಬಾಗಲಕೋಟೆಯ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಮೊದಲು ಕೇಳಿದ್ದು, ಒಂದೇ ಕಿವಿ ಯಾಕೆ ಹೋಯಿತು ಎಂದು. ಅಕ್ಕೋರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಎಡಗಡೆ ಗ್ವಾಡಿಗೆ ಪವರ್‌ಲೂಮ್ ಇತ್ರಿ, ಸಾಹೇಬ್ರ." ಡಾಕ್ಟರು ನನ್ನ ಮುಖ ನೋಡಿದರು. ಯಾವಾಗಿನಿಂದ ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ, ಅಕ್ಕೋರಿಗೂ ನೆನಪಿರಲಿಲ್ಲ.

ಕಿವಿಯ ಒಳಗಡೆ, ಮೆದುಳಿಗೆ ಹತ್ತಿ ಒಂದು ಗಡ್ಡೆ ಬೆಳೆದಿತ್ತು. ಬಹಳ ವರ್ಷದ್ದು ಎಂದರು. ಮೊದಲೇ ಬಂದಿದ್ದರೆ ಸುಲಭವಿತ್ತು ಎಂದರು. ಆಪರೇಶನ್ನಿನ ನಂತರ ಅಕ್ಕೋರು ಒಂಬತ್ತು ದಿನ ಇದ್ದರು.

ಮಣ್ಣು ಮಾಡಿ ಬಂದ ಮೇಲೆ ನಾನು ನನ್ನ ಹಳೆಯ ವಹಿಗಳನ್ನು ತೆಗೆದೆ. ಸುಮ್ಮನೆ ಅವರ ಕೈಬರಹ ನೋಡಬೇಕೆಂದು ತೆಗೆದೆ. ಮೊದಲನೆಯ ವಹಿ, ಮೊದಲನೆಯ ವಾರ. ನನ್ನ ಗುರುಗಳು ಎಂದು ಅವರೇ ಬರೆಯಲು ಹೇಳಿದ್ದ ನಾಲ್ಕು ಸಾಲು. ಕಾಗುಣಿತ ತಪ್ಪಿದ ಕಡೆ ಪಕ್ಕದಲ್ಲಿ ಅವರ ಅಕ್ಷರ.

"ಅಕ್ಕೋರು ಬಲಗಿವಿ ಮೇಲೆ ಟೆಸ್ಟರ್ ಇಟ್ಟುಕೊಳ್ಳುತ್ತಾರೆ. ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದರೂ ಕೇಳುತ್ತದೆ. ಅವರ ಮನೆ ಪಕ್ಕದ ಪವರ್‌ಲೂಮ್ ಬಂದ್ ಆಗಿ ಬಹಳ ವರ್ಷ ಆಯಿತಂತೆ. ಅಲ್ಲಿ ಈಗ ಹಿಟ್ಟಿನ ಗಿರಣಿ ಇದೆ."

ಮೂರು ವಹಿ ದಾಟಿದ ಮೇಲೆ ಇನ್ನೊಂದು ಸಾಲು: "ಇವತ್ತು ಅಕ್ಕೋರು ನನ್ನ ಮಾತನ್ನು ಎರಡು ಸಲ ಹೇಳಿಸಿಕೊಂಡರು." ಈ ಎರಡು ಬರಹಗಳ ನಡುವೆಯೇ ಕಿವಿ ಹೋಗಿತ್ತು, ಟೆಸ್ಟರ್ ಎಡಗಿವಿಗೆ ಬಂದಿತ್ತು. ನಾನು ಆದದ್ದನ್ನು ಬರೆದಿದ್ದೆ. ಅವರು ಓದಿದ್ದರು. ಅದರ ಕೆಳಗೆ ಅವರ ಸಹಿಯೂ ಇತ್ತು. ಅರ್ಧಕ್ಕೆ ಕೈ ಇಡುವ ಕೆಲಸವನ್ನು ಇಬ್ಬರೂ ಮಾಡಲಿಲ್ಲ, ಯಾಕೆಂದರೆ ಕಾರಣ ಊರಿಗೆಲ್ಲ ಗೊತ್ತಿತ್ತು.

ಈಗಲೂ ದಿನಾ ನಾಲ್ಕು ಸಾಲು ಬರೆಯುತ್ತೇನೆ. ಇದನ್ನು ಮಾತ್ರ ಒಂದೊಂದೇ ಅಕ್ಷರ ಒತ್ತಿ ಟೈಪು ಮಾಡಿದ್ದೇನೆ, ನಾಲ್ಕು ಸಾಲಿಗೆ ಹಿಡಿಸಲಿಲ್ಲ. ಹೋದ ವಾರ ಊಟದ ಹೊತ್ತಿಗೆ ಕಾಕಾ ನನ್ನ ಮಾತನ್ನು ಎರಡು ಸಲ ಹೇಳಿಸಿಕೊಂಡರು. ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಯಾವ ಕಿವಿ ಎಂದು ಕೇಳಿದೆ.

"ಎರಡೂ ಹೋಗ್ಯಾವಲೇ ಎಸ್ಸೆಸ್ಸೆಲ್ಸಿ. ಮೂವತ್ತು ವರ್ಷ ಕಲ್ಲಿನ ಸಪ್ಪಳ. ನಿನಗ ಗೊತ್ತಿಲ್ಲೇನು?"

ಗೊತ್ತಿಲ್ಲ ಎಂದೆ. ಸೋಮವಾರ ಅವರನ್ನು ಬಾಗಲಕೋಟೆಗೆ ಕರೆದುಕೊಂಡು ಹೊರಟಿದ್ದೇನೆ.